ಓದುಗರ ಪ್ರಶ್ನೆಗಳು: ಹಳೆಯ ಲ್ಯಾಪ್‌ಟಾಪಿನಲ್ಲಿ ಏನನ್ನು ಬದಲಿಸಬೇಕು, ಏನನ್ನು ಬಿಡಬೇಕು

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಬರೆದ ಪತ್ರಗಳಲ್ಲಿ ಈ ಬಾರಿ ಹೆಚ್ಚಿನವು ನಿಧಾನವಾಗಿರುವ ಹಳೆಯ ಲ್ಯಾಪ್‌ಟಾಪ್‌ಗಳನ್ನು ಕುರಿತವು. ಯಾವ ಭಾಗವನ್ನು ಕೊಳ್ಳಬೇಕು ಎಂದು ಎಲ್ಲರೂ ಕೇಳಿದ್ದಾರೆ. ಯಂತ್ರ ಯಾವ ಭಾಗಕ್ಕಾಗಿ ಕಾಯುತ್ತಿದೆ ಎಂಬುದನ್ನು ನೋಡಿ ಬರೆದವರು ಕಡಿಮೆ. ಕಾಯುತ್ತಿರುವ ಭಾಗವನ್ನು ಗುರುತಿಸದೆ ಮಾಡಿದ ಖರ್ಚು ಬಹುಪಾಲು ವ್ಯರ್ಥವಾಗುವುದರಿಂದ, ಸಾಧ್ಯವಿರುವ ಕಡೆಯಲ್ಲೆಲ್ಲ ಪರೀಕ್ಷೆಯ ವಿಧಾನವನ್ನೇ ಮೊದಲು ಹೇಳಿದ್ದೇನೆ.

ಪ್ರಶ್ನೆ: ಮಾನ್ಯರೇ, ನಾನು ಬೇಲೂರು ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ. 2016ರಲ್ಲಿ ಕೊಂಡ ನನ್ನ ಲ್ಯಾಪ್‌ಟಾಪಿನಲ್ಲಿ ಐದನೇ ತಲೆಮಾರಿನ ಕೋರ್ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್ ಮತ್ತು 500 ಜಿಬಿ ಹಾರ್ಡ್‌ಡಿಸ್ಕ್ ಇವೆ. ಆನ್ ಮಾಡಿದ ಮೇಲೆ ಕೆಲಸಕ್ಕೆ ಸಿದ್ಧವಾಗಲು ಐದಾರು ನಿಮಿಷ ಬೇಕು. ಅಂಕಪಟ್ಟಿಯ ಎಕ್ಸೆಲ್ ಕಡತ ಮತ್ತು ಬ್ರೌಸರ್ ಎರಡನ್ನೂ ಒಟ್ಟಿಗೆ ತೆರೆದರೆ ನಿಂತೇಬಿಡುತ್ತದೆ. ಹಾಸನದ ಒಂದು ಅಂಗಡಿಯಲ್ಲಿ ಪ್ರೊಸೆಸರ್ ಹಳೆಯದಾಯಿತು, ಹೊಸ ಲ್ಯಾಪ್‌ಟಾಪ್ ಕೊಳ್ಳಿ ಎಂದರು; ಇನ್ನೊಂದರಲ್ಲಿ ರ‍್ಯಾಮ್ ಹೆಚ್ಚಿಸಿದರೆ ಸಾಕು ಎಂದರು. ಯಾವುದು ಸರಿ?

ಉತ್ತರ: ಹಣ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ಲ್ಯಾಪ್‌ಟಾಪ್ ಆನ್ ಆದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆದುಕೊಳ್ಳುತ್ತದೆ. ಅದರಲ್ಲಿ ಪ್ರೊಸೆಸರ್, ಮೆಮೊರಿ (ಎಂದರೆ ರ‍್ಯಾಮ್) ಮತ್ತು ಡಿಸ್ಕ್ ಎಷ್ಟೆಷ್ಟು ಬಳಕೆಯಾಗುತ್ತಿವೆ ಎಂಬುದು ಶೇಕಡಾವಾರಿನಲ್ಲಿ ಕಾಣುತ್ತದೆ. ಯಂತ್ರ ತಡವರಿಸುತ್ತಿರುವ ಹೊತ್ತಿನಲ್ಲಿ ಡಿಸ್ಕಿನ ಅಂಕಿ ಶೇ 100ರಲ್ಲಿ ನಿಂತಿದ್ದು, ಪ್ರೊಸೆಸರಿನ ಅಂಕಿ ಶೇ 20–30ರ ಆಸುಪಾಸಿನಲ್ಲಿದ್ದರೆ, ಪ್ರೊಸೆಸರಿಗೆ ಶಕ್ತಿ ಸಾಲದೆ ಹೋಗಿದೆ ಎಂದಲ್ಲ, ಅದು ಡಿಸ್ಕಿನಿಂದ ಮಾಹಿತಿ ಬರಲೆಂದು ಕಾಯುತ್ತಿದೆ ಎಂದು ತಿಳಿಯಬೇಕು. ನೀವು ಬರೆದಿರುವ ಲಕ್ಷಣಗಳನ್ನು ನೋಡಿದರೆ ನಿಮ್ಮಲ್ಲೂ ಹೀಗೆಯೇ ಕಾಣುವ ಸಂಭವ ಹೆಚ್ಚು.

ಇದರ ಕಾರಣ ಹಾರ್ಡ್‌ಡಿಸ್ಕಿನ ರಚನೆಯಲ್ಲಿಯೇ ಇದೆ. ಆ ಕಾಲದ ಲ್ಯಾಪ್‌ಟಾಪ್‌ಗಳಲ್ಲಿ ಸಾಮಾನ್ಯವಾಗಿ ಬರುತ್ತಿದ್ದ ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು, ಎಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಇರುವ ಜಾಗ ಓದುವ ಹೆಡ್ಡಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಸುಮಾರು ಐದೂವರೆ ಮಿಲಿಸೆಕೆಂಡು ಬೇಕು. ಹೆಡ್ ಒಂದು ಜಾಗದಿಂದ ಇನ್ನೊಂದಕ್ಕೆ ಸರಿಯಲು ಮತ್ತೆ ಹತ್ತು ಹನ್ನೆರಡು ಮಿಲಿಸೆಕೆಂಡು ಹಿಡಿಯುತ್ತದೆ. ಈ ಲೆಕ್ಕದಲ್ಲಿ ಅಲ್ಲಲ್ಲಿ ಚದುರಿರುವ ಮಾಹಿತಿಯ ತುಣುಕುಗಳನ್ನು ಅದು ಸೆಕೆಂಡಿಗೆ ಅರವತ್ತು ಎಪ್ಪತ್ತರಂತೆ ಮಾತ್ರ ಓದಬಲ್ಲದು, ಆದರೆ ವಿಂಡೋಸ್ ಆರಂಭವಾಗುವಾಗ ಇಂತಹ ಸಾವಿರಾರು ತುಣುಕುಗಳನ್ನು ಕೇಳುತ್ತದೆ. ಹಾರ್ಡ್‌ಡಿಸ್ಕಿನ ಬದಲು ಹಾಕುವ, ಮಾಹಿತಿಯನ್ನು ಚಿಪ್ಪುಗಳಲ್ಲಿ ಇಡುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದಿರುವುದರಿಂದ ಪ್ರತಿ ತುಣುಕಿಗೂ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಸಮಯ ಸಾಕಾಗುತ್ತದೆ. ತೋಟದಲ್ಲಿ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಯಂತ್ರ ಸಣ್ಣದಾಗಿದ್ದರೆ ಹಣ್ಣು ಕೊಯ್ಯುವವರ ಸಂಖ್ಯೆಯನ್ನು ಎಷ್ಟು ಹೆಚ್ಚಿಸಿದರೂ ಸಂಜೆಗೆ ಕಣಕ್ಕೆ ಬರುವ ಕಾಫಿ ಹೆಚ್ಚಾಗುವುದಿಲ್ಲವಷ್ಟೆ. ನಿಧಾನವಾದ ಡಿಸ್ಕಿನ ಎದುರು ವೇಗದ ಪ್ರೊಸೆಸರ್ ಇಟ್ಟರೆ ಆಗುವುದೂ ಅದೇ.

ಆದ್ದರಿಂದ ನಿಮಗೆ ಮೊದಲು ಬೇಕಾದದ್ದು ಎಸ್‌ಎಸ್‌ಡಿ. ನಿಮ್ಮ ಲ್ಯಾಪ್‌ಟಾಪಿನ ಕಾಲದವುಗಳಿಗೆ ಎರಡೂವರೆ ಇಂಚಿನ, ಸಾಟಾ ಜೋಡಣೆಯ ಎಸ್‌ಎಸ್‌ಡಿ ಹೊಂದುತ್ತದೆ. ಹಳೆಯ ಹಾರ್ಡ್‌ಡಿಸ್ಕನ್ನು ಬಿಚ್ಚಿದ ಜಾಗದಲ್ಲಿಯೇ ಅದೇ ಸ್ಕ್ರೂಗಳಿಂದ ಕೂರಿಸಬಹುದು. ಹಾರ್ಡ್‌ಡಿಸ್ಕ್ ಒಂದೇ ಓಟದಲ್ಲಿ ದೊಡ್ಡ ಕಡತವನ್ನು ಓದುವಾಗ ಸೆಕೆಂಡಿಗೆ ನೂರು ಎಂಬಿ ಆಸುಪಾಸಿನಲ್ಲಿ ಓದಿದರೆ ಸಾಟಾ ಎಸ್‌ಎಸ್‌ಡಿ ಐನೂರು ಎಂಬಿಗೂ ಮೀರಿ ಓದುತ್ತದೆ, ಆದರೆ ನಿತ್ಯದ ಬಳಕೆಯಲ್ಲಿ ನಿಮಗೆ ಅನುಭವಕ್ಕೆ ಬರುವುದು ಮೇಲೆ ಹೇಳಿದ ಸಣ್ಣ ತುಣುಕುಗಳ ಓದಿನ ವೇಗವೇ. ಅಂಕಪಟ್ಟಿ, ಪ್ರಶ್ನೆಪತ್ರಿಕೆ, ಪಾಠದ ವಿಡಿಯೊಗಳಷ್ಟೇ ಇದ್ದರೆ 250 ಜಿಬಿ ದರ್ಜೆಯದು ಸಾಕು. ಕುಟುಂಬದ ಫೋಟೊಗಳೂ ಅದರಲ್ಲೇ ಇರಬೇಕೆಂದರೆ 500 ಜಿಬಿ ದರ್ಜೆಯದನ್ನು ಕೊಳ್ಳಿ.

ಎಸ್‌ಎಸ್‌ಡಿ ಬೇಗ ಸವೆದುಹೋಗುತ್ತದೆ ಎಂಬ ಭಯ ಹಲವರಲ್ಲಿದೆ. ಅದರಲ್ಲಿ ಬರೆಯುವ ಪ್ರಮಾಣಕ್ಕೆ ಮಿತಿ ಇರುವುದು ನಿಜ. ನೂರು ಟೆರಾಬೈಟ್ ಬರೆಯಬಹುದು ಎಂದು ತಯಾರಕರು ಖಾತರಿ ಕೊಟ್ಟಿರುವ ಎಸ್‌ಎಸ್‌ಡಿಯಲ್ಲಿ ನೀವು ಪ್ರತಿದಿನ 20 ಜಿಬಿ ಬರೆದರೂ ವರ್ಷಕ್ಕೆ ಏಳು ಟೆರಾಬೈಟ್‌ಗಿಂತ ಸ್ವಲ್ಪ ಹೆಚ್ಚಾಗುತ್ತದೆ. ಆ ಮಿತಿ ಮುಟ್ಟಲು ಹದಿಮೂರು ವರ್ಷಗಳು ಬೇಕು. ಶಿಕ್ಷಕರೊಬ್ಬರ ಬಳಕೆ ಅದರ ಅರ್ಧಕ್ಕೂ ಬರುವುದು ಕಷ್ಟ. ನಿಜವಾಗಿ ಎಚ್ಚರ ವಹಿಸಬೇಕಾದದ್ದು ಬೇರೆ ಎರಡು ವಿಷಯಗಳಲ್ಲಿ. ಹಾರ್ಡ್‌ಡಿಸ್ಕ್ ಕೆಡುವ ಮೊದಲು ಸದ್ದು ಮಾಡಿ, ನಿಧಾನವಾಗಿ, ಹಲವು ವೇಳೆ ಸೂಚನೆ ಕೊಡುತ್ತದೆ. ಎಸ್‌ಎಸ್‌ಡಿ ಯಾವ ಸೂಚನೆಯನ್ನೂ ಕೊಡದೆ ಒಂದು ದಿನ ನಿಂತುಹೋಗಬಹುದು, ಮತ್ತು ಅದರಿಂದ ಕಡತಗಳನ್ನು ಹೊರತೆಗೆಯುವುದು ಬಹಳ ಕಷ್ಟ. ಬಿಚ್ಚಿದ ಹಳೆಯ ಹಾರ್ಡ್‌ಡಿಸ್ಕನ್ನು ಎಸೆಯದೆ ಯುಎಸ್‌ಬಿ ಕೇಸೊಂದರಲ್ಲಿ ಹಾಕಿಸಿಕೊಂಡು ತಿಂಗಳಿಗೊಮ್ಮೆ ಅದಕ್ಕೆ ಬ್ಯಾಕಪ್ ಮಾಡುವುದನ್ನು ನಾನು ಎಲ್ಲರಿಗೂ ಒತ್ತಾಯದಿಂದ ಹೇಳುತ್ತೇನೆ. ಎರಡನೆಯದಾಗಿ, ನಂಬಲಾಗದಷ್ಟು ಅಗ್ಗದ ಬೆಲೆಗೆ ಸಿಗುವ, ಹೆಸರಿಲ್ಲದ ಎಸ್‌ಎಸ್‌ಡಿಗಳಲ್ಲಿ ಕೆಲವು ಒಂದು ಟೆರಾಬೈಟ್ ಎಂದು ತೋರಿಸಿಕೊಂಡರೂ ಒಳಗೆ ಅದರ ಸಣ್ಣ ಪಾಲಷ್ಟೇ ಜಾಗ ಹೊಂದಿರುತ್ತವೆ. ತುಂಬಿದ ಮೇಲೆ ಬರೆದದ್ದೆಲ್ಲ ಕಳೆದುಹೋಗುತ್ತದೆ. ಬಿಲ್ ಮತ್ತು ವಾರಂಟಿ ಕೊಡುವ ಕಡೆಯೇ ಕೊಳ್ಳಿ.

ಇನ್ನು ರ‍್ಯಾಮ್. ತೆರೆದಿರುವ ಕೆಲಸಗಳ ಮಾಹಿತಿಯನ್ನು ಯಂತ್ರ ತಾತ್ಕಾಲಿಕವಾಗಿ ಇಟ್ಟುಕೊಳ್ಳುವ ಜಾಗ ಇದು. ಎರಡನೇ ಅಂಗಡಿಯವರ ಮಾತು ಅರ್ಧ ಸರಿ. ವಿಂಡೋಸ್ 10 ಒಂದೇ ಸುಮಾರು ಎರಡು ಜಿಬಿ ತೆಗೆದುಕೊಳ್ಳುವುದರಿಂದ 4 ಜಿಬಿಯಲ್ಲಿ ಬ್ರೌಸರ್ ಮತ್ತು ಎಕ್ಸೆಲ್ ಎರಡಕ್ಕೂ ಜಾಗ ಸಾಲದು. ಸಾಲದಾದಾಗ ವಿಂಡೋಸ್ ಹೆಚ್ಚಿನ ಮಾಹಿತಿಯನ್ನು ಡಿಸ್ಕಿನಲ್ಲಿ ಇಟ್ಟು ತೆಗೆದು ಮಾಡುತ್ತದೆ, ಆ ಡಿಸ್ಕ್ ನಿಧಾನವಾದದ್ದಾದರೆ ಯಂತ್ರ ನಿಂತಂತೆ ತೋರುತ್ತದೆ. ಹೀಗಾಗಿ ಎಸ್‌ಎಸ್‌ಡಿ ಹಾಕಿದ ಮೇಲೆ ಇನ್ನೊಂದು 4 ಜಿಬಿ ಸೇರಿಸಿ ಒಟ್ಟು 8 ಜಿಬಿ ಮಾಡಿಕೊಳ್ಳುವುದು ಒಳ್ಳೆಯದು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಒಟ್ಟು ಎಷ್ಟು ಸ್ಲಾಟ್‌ಗಳಿವೆ, ಎಷ್ಟು ಭರ್ತಿಯಾಗಿವೆ ಎಂಬುದು ಬರೆದಿರುತ್ತದೆ. ಅಂಗಡಿಗೆ ಹೋಗುವ ಮೊದಲು ಅದನ್ನು ಗುರುತು ಮಾಡಿಕೊಳ್ಳಿ. ನಿಮ್ಮ ಪ್ರೊಸೆಸರಿಗೆ 1.35 ವೋಲ್ಟಿನಲ್ಲಿ ಕೆಲಸ ಮಾಡುವ ಡಿಡಿಆರ್3ಎಲ್ ಬಗೆಯ ರ‍್ಯಾಮ್ ಬೇಕು. 1.5 ವೋಲ್ಟಿನ ಮಾಮೂಲು ಡಿಡಿಆರ್3 ಅದೇ ಸ್ಲಾಟಿನಲ್ಲಿ ಸರಾಗವಾಗಿ ಕೂತರೂ ಇಂತಹ ಹಲವು ಲ್ಯಾಪ್‌ಟಾಪ್‌ಗಳು ಅದರಿಂದ ಆನ್ ಆಗುವುದೇ ಇಲ್ಲ. ರ‍್ಯಾಮಿನ ಚೀಟಿಯಲ್ಲಿ ಪಿಸಿ3 ಎಂಬುದರ ನಂತರ ಎಲ್ ಅಕ್ಷರ ಇದೆಯೇ ಎಂದು ನೋಡಿಯೇ ಹಣ ಕೊಡಿ.

ಪ್ರೊಸೆಸರ್ ಬದಲಾವಣೆಯ ಯೋಚನೆಯನ್ನು ಬಿಟ್ಟುಬಿಡಿ. ನಿಮ್ಮ ಲ್ಯಾಪ್‌ಟಾಪಿನಂತಹ ತೆಳು ಯಂತ್ರಗಳಲ್ಲಿ ಅದನ್ನು ಒಳಗಿನ ಮುಖ್ಯ ಸರ್ಕ್ಯೂಟ್ ಹಲಗೆಯಾದ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಬದಲಿಸಲು ಬರುವುದಿಲ್ಲ.

ವಿಂಡೋಸ್ ಅನ್ನು ಹಳೆಯ ಡಿಸ್ಕಿನಿಂದ ಎಸ್‌ಎಸ್‌ಡಿಗೆ ಹಾಗೆಯೇ ಕ್ಲೋನ್ ಮಾಡಿಕೊಳ್ಳಬಹುದು, ಉಚಿತ ತಂತ್ರಾಂಶಗಳು ಇದಕ್ಕೆ ಇವೆ. ಆದರೆ ಇಷ್ಟು ವರ್ಷ ಬಳಸಿದ ಯಂತ್ರದಲ್ಲಿ ಬೇಡದ ತಂತ್ರಾಂಶಗಳ ರಾಶಿಯೇ ಸೇರಿರುತ್ತದೆಯಾದ್ದರಿಂದ, ಕಡತಗಳನ್ನು ಪ್ರತ್ಯೇಕವಾಗಿ ತೆಗೆದಿಟ್ಟುಕೊಂಡು ಹೊಸದಾಗಿ ಇನ್‌ಸ್ಟಾಲ್ ಮಾಡಿಸುವುದು ನನ್ನ ದೃಷ್ಟಿಯಲ್ಲಿ ಮೇಲು. ಲ್ಯಾಪ್‌ಟಾಪಿನೊಂದಿಗೆ ಬಂದ ಅಧಿಕೃತ ವಿಂಡೋಸ್ ಪರವಾನಗಿ ಮದರ್‌ಬೋರ್ಡಿಗೆ ಹೊಂದಿಕೊಂಡಿರುತ್ತದೆ. ಡಿಸ್ಕ್ ಅಥವಾ ರ‍್ಯಾಮ್ ಬದಲಿಸಿದ್ದಕ್ಕೆ ಅದು ರದ್ದಾಗುವುದಿಲ್ಲ, ಅದಕ್ಕಾಗಿ ಮತ್ತೆ ಹಣ ಕೇಳಿದರೆ ಕೊಡಬೇಕಿಲ್ಲ. ಅಂಗಡಿಯಲ್ಲಿ ಕೆಲಸ ಮಾಡಿಸುವಾಗ ನುಡಿ ತಂತ್ರಾಂಶದ ಫಾಂಟುಗಳನ್ನೂ ತೆಗೆದಿಡಲು ಹೇಳಿ. ಹಳೆಯ ಪ್ರಶ್ನೆಪತ್ರಿಕೆಗಳು ಆ ಫಾಂಟುಗಳಿಲ್ಲದೆ ಓದಲು ಬರುವುದಿಲ್ಲ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ಸಣ್ಣ ಡಿ.ಟಿ.ಪಿ. ಕೇಂದ್ರ ನಡೆಸುತ್ತಿದ್ದೇನೆ. ಆರನೇ ತಲೆಮಾರಿನ ಐ5 ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಮತ್ತು 8 ಜಿಬಿ ರ‍್ಯಾಮ್ ಹಾಕಿಸಿದ ಮೇಲೆ ಹೊಸದರಂತೆ ಕೆಲಸ ಮಾಡುತ್ತಿದೆ. ಆದರೆ ವಿಂಡೋಸ್ 11 ಇದಕ್ಕೆ ಹೊಂದುವುದಿಲ್ಲ ಎಂದು ಪರದೆಯ ಮೇಲೆ ಬರುತ್ತದೆ. ರ‍್ಯಾಮ್ ಇನ್ನಷ್ಟು ಹೆಚ್ಚಿಸಿದರೆ ಹೊಂದುತ್ತದೆಯೇ?

ಉತ್ತರ: ಇಲ್ಲ. ರ‍್ಯಾಮ್ ಎಷ್ಟು ಹೆಚ್ಚಿಸಿದರೂ ಆ ಸಂದೇಶ ಹೋಗುವುದಿಲ್ಲ. ವಿಂಡೋಸ್ 11ಕ್ಕೆ 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸಾಕು. ಅಡ್ಡಿಯಾಗಿರುವುದು ಪ್ರೊಸೆಸರಿನ ತಲೆಮಾರು ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ. ಇಂಟೆಲ್ ಪ್ರೊಸೆಸರುಗಳಲ್ಲಿ, ಕೆಲವೇ ಅಪವಾದಗಳನ್ನು ಬಿಟ್ಟರೆ, ಎಂಟನೇ ತಲೆಮಾರು ಮತ್ತು ಅದಕ್ಕೂ ಹೊಸದನ್ನಷ್ಟೇ ಮೈಕ್ರೋಸಾಫ್ಟ್ ಒಪ್ಪಿದೆ. ಸರಿಯಾಗಿ ನಡೆಯುತ್ತಿರುವ ಯಂತ್ರವನ್ನು ಹೀಗೆ ಬದಿಗಿಡಬೇಕಾಗಿ ಬರುವುದು ನನಗೂ ಬೇಸರದ ವಿಷಯ, ಏಕೆಂದರೆ ಸಣ್ಣ ಊರುಗಳಲ್ಲಿ ದುಡಿಮೆಗೆ ಆಧಾರವಾಗಿರುವುದು ಇಂತಹ ಯಂತ್ರಗಳೇ.

ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ನೋಂದಣಿ ಮಾಡಿಕೊಂಡ ಮನೆಬಳಕೆಯ ಯಂತ್ರಗಳಿಗೆ 2026ರ ಅಕ್ಟೋಬರ್‌ವರೆಗೆ ಭದ್ರತೆಯ ತಿದ್ದುಪಡಿಗಳನ್ನು ಕೊಡುವುದಾಗಿ ಮೈಕ್ರೋಸಾಫ್ಟ್ ಪ್ರಕಟಿಸಿತು. ಬೆಂಬಲ ನಿಂತ ಮೇಲೆಯೂ ಯಂತ್ರ ನಡೆಯುತ್ತದೆ, ಆದರೆ ಹೊಸದಾಗಿ ಪತ್ತೆಯಾಗುವ ಲೋಪಗಳು ಹಾಗೆಯೇ ಉಳಿಯುವುದರಿಂದ ಅದರಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು, ಗ್ರಾಹಕರು ತರುವ ಪೆನ್‌ಡ್ರೈವ್ ಚುಚ್ಚುವುದು ಅಪಾಯ. ಪರೀಕ್ಷೆಗಳನ್ನು ತಪ್ಪಿಸಿ ವಿಂಡೋಸ್ 11 ಹಾಕಿಕೊಡುತ್ತೇವೆ ಎನ್ನುವವರು ಇದ್ದಾರೆ. ಮುಂದಿನ ಅಪ್‌ಡೇಟ್ ಬರುತ್ತದೆಂಬ ಭರವಸೆ ಅದಕ್ಕೆ ಇಲ್ಲವಾದ್ದರಿಂದ ದುಡಿಮೆಯ ಯಂತ್ರಕ್ಕೆ ನಾನು ಅದನ್ನು ಹೇಳಲಾರೆ.

ವಿಂಡೋಸಿನ ಬದಲು ಬಳಸಬಹುದಾದ ಉಚಿತ ಕಾರ್ಯಾಚರಣಾ ವ್ಯವಸ್ಥೆಯಾದ ಲಿನಕ್ಸ್ ಮಿಂಟ್ ನಿಮ್ಮ ಲ್ಯಾಪ್‌ಟಾಪಿನಲ್ಲಿ ಸುಲಭವಾಗಿ ನಡೆಯುತ್ತದೆ. ಬ್ರೌಸರ್, ಇಮೇಲ್, ಯೂನಿಕೋಡ್‌ನಲ್ಲಿ ಕನ್ನಡ ಟೈಪಿಂಗ್, ಮುದ್ರಣ ಇವೆಲ್ಲಕ್ಕೂ ಅದು ಸಾಕು. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ನುಡಿ ಬಳಸುವವರ ಕೈಗೆ ರೂಢಿಯಾದ ಕಗಪ ಕೀಲಿಮಣೆಯೂ ಅದರಲ್ಲಿ ದೊರೆಯುತ್ತದೆ. ತೊಡಕಿರುವುದು ಪೇಜ್‌ಮೇಕರ್ ಮತ್ತು ಕೋರಲ್‌ಡ್ರಾ ಕಡತಗಳಲ್ಲಿ. ಮದುವೆಯ ಆಮಂತ್ರಣ, ಕರಪತ್ರಗಳ ಹಳೆಯ ಸಂಗ್ರಹವೆಲ್ಲ ಅವುಗಳಲ್ಲಿಯೇ ಇರುತ್ತದೆ, ಆ ತಂತ್ರಾಂಶಗಳು ಲಿನಕ್ಸಿನಲ್ಲಿ ನೇರವಾಗಿ ನಡೆಯುವುದಿಲ್ಲ. ನಿಮ್ಮ ವೃತ್ತಿಗೆ ನನ್ನ ಸಲಹೆ ಇದು: ಒಂದೇ ಎಸ್‌ಎಸ್‌ಡಿಯಲ್ಲಿ ಎರಡೂ ವ್ಯವಸ್ಥೆಗಳನ್ನು ಇಟ್ಟುಕೊಂಡು, ವಿಂಡೋಸ್ 10 ಅನ್ನು ಇಂಟರ್ನೆಟ್ ಸಂಪರ್ಕವಿಲ್ಲದೆ ಪುಟವಿನ್ಯಾಸಕ್ಕೆ ಮಾತ್ರ ಮೀಸಲಿಡಿ, ಜಾಲಕ್ಕೆ ಸಂಬಂಧಿಸಿದ ಕೆಲಸಗಳನ್ನೆಲ್ಲ, ಗ್ರಾಹಕರ ಪೆನ್‌ಡ್ರೈವ್ ತೆರೆಯುವುದನ್ನೂ ಸೇರಿಸಿ, ಲಿನಕ್ಸಿನಲ್ಲಿ ಮಾಡಿ. ಮುಂದಿನ ಲ್ಯಾಪ್‌ಟಾಪನ್ನು ಹಳೆಯದರಲ್ಲೇ ಹುಡುಕುವುದಾದರೆ ಎಂಟನೇ ತಲೆಮಾರಿಗಿಂತ ಹಿಂದಿನದನ್ನು ಕೊಳ್ಳಬೇಡಿ. ಬೇಲೂರಿನ ಶಿಕ್ಷಕಿಯವರ ಯಂತ್ರಕ್ಕೂ ವಿಂಡೋಸಿನ ಈ ಮಾತು ಅನ್ವಯಿಸುತ್ತದೆ. ಹೊಸದಾಗಿ ಇನ್‌ಸ್ಟಾಲ್ ಮಾಡಿಸುವ ಸಂದರ್ಭದಲ್ಲಿಯೇ ಅವರು ಇದನ್ನು ನಿರ್ಧರಿಸಿಕೊಳ್ಳಬೇಕು.

ಪ್ರಶ್ನೆ: ಮೂಡಿಗೆರೆ ಸಮೀಪ ನಮ್ಮ ಕಾಫಿ ತೋಟವಿದೆ. ತೋಟದ ಲೆಕ್ಕಪತ್ರಕ್ಕೆ 2017ರ ಲ್ಯಾಪ್‌ಟಾಪ್ ಇದೆ. ಎಸ್‌ಎಸ್‌ಡಿ ಹಾಕಿಸಿದ ಹೊಸದರಲ್ಲಿ ಚೆನ್ನಾಗಿತ್ತು. ಈಗ ಆನ್ ಮಾಡಿದ ಅರ್ಧ ಗಂಟೆಗೆ ಫ್ಯಾನ್ ಜೋರಾಗಿ ಕೂಗುತ್ತದೆ, ಎಲ್ಲವೂ ನಿಧಾನವಾಗುತ್ತದೆ, ಕೆಲವೊಮ್ಮೆ ತಾನಾಗಿ ಆಫ್ ಆಗುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ಅದನ್ನು ತೆರೆಯುವುದಿಲ್ಲ. ಇದಕ್ಕೆ ಯಾವ ಭಾಗ ಹೊಸದಾಗಿ ಹಾಕಿಸಬೇಕು?

ಉತ್ತರ: ಆರಂಭದಲ್ಲಿ ಸರಿಯಿದ್ದು ಬಿಸಿಯಾದ ಮೇಲೆ ನಿಧಾನವಾಗುವ ಯಂತ್ರಕ್ಕೆ ಹೊಸ ಭಾಗ ಬೇಕಾಗಿರುವುದು ಅಪರೂಪ, ಬೇಕಾಗಿರುವುದು ಶುಚಿ. ಪ್ರೊಸೆಸರಿನ ಉಷ್ಣತೆ ನೂರು ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ, ಅದೂ ಸಾಲದಿದ್ದರೆ ಯಂತ್ರ ಆಫ್ ಆಗುತ್ತದೆ. ಕಾರಣಗಳು ಎರಡು. ಫ್ಯಾನಿನ ಗಾಳಿ ಹೊರಹೋಗುವ ಕಡೆ ಇರುವ ತೆಳು ಲೋಹದ ಹಾಳೆಗಳ ನಡುವೆ ದೂಳು ಕಟ್ಟಿಕೊಂಡಿರುತ್ತದೆ. ಮಲೆನಾಡಿನ ತೇವಕ್ಕೆ ಆ ದೂಳು ಗಟ್ಟಿಯಾಗಿ ಬಟ್ಟೆಯ ಪದರದಂತಾಗಿ ಗಾಳಿಯನ್ನೇ ತಡೆಯುತ್ತದೆ. ಜೊತೆಗೆ, ಪ್ರೊಸೆಸರಿನ ಬಿಸಿಯನ್ನು ಮೇಲಿನ ತಾಮ್ರದ ಪಟ್ಟಿಗೆ ದಾಟಿಸುವ ಥರ್ಮಲ್ ಪೇಸ್ಟ್ ಇಷ್ಟು ವರ್ಷಗಳಲ್ಲಿ ಒಣಗಿ ಬಿರಿದಿರುತ್ತದೆ. ಚಿಕ್ಕಮಗಳೂರಿನ ಯಾವುದೇ ಒಳ್ಳೆಯ ಸರ್ವಿಸ್ ಅಂಗಡಿಯಲ್ಲಿ ಎರಡನ್ನೂ ಒಂದೇ ದಿನದಲ್ಲಿ ಮಾಡಿಕೊಡುತ್ತಾರೆ. ಹೊರಗಿನಿಂದ ಬ್ಲೋವರಿನಲ್ಲಿ ಗಾಳಿ ಊದಿ ಮುಗಿಸಲು ಬಿಡಬೇಡಿ; ಹಾಗೆ ಊದಿದಾಗ ಫ್ಯಾನ್ ಮಿತಿಮೀರಿ ತಿರುಗಿ ಅದರ ಬೇರಿಂಗ್ ಹಾಳಾಗಬಹುದು, ದೂಳಿನ ಪದರ ಒಳಗೇ ಉಳಿಯಬಹುದು. ಹಿಂಬದಿ ಬಿಚ್ಚಿ, ಫ್ಯಾನನ್ನು ಹೊರತೆಗೆದು, ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಪೂರ್ತಿ ಒರೆಸಿ ಹೊಸದನ್ನು ತೆಳುವಾಗಿ ಹಾಕಬೇಕು. ಶುಚಿ ಮಾಡಿದ ಮೇಲೂ ಫ್ಯಾನಿನಿಂದ ಗೀರುವ ಸದ್ದು ಬರುತ್ತಿದ್ದರೆ ಆಗ ಫ್ಯಾನನ್ನು ಬದಲಿಸಿ.

ಮಳೆಗಾಲದ ವಿಷಯದಲ್ಲಿ ನೀವು ಮಾಡುತ್ತಿರುವುದಕ್ಕೆ ವಿರುದ್ಧವಾಗಿ ಮಾಡಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಿಟ್ಟ ಲ್ಯಾಪ್‌ಟಾಪಿನ ಒಳಗೆ ತೇವ ಸೇರಿ ಜೋಡಣೆಯ ಲೋಹಗಳಿಗೆ ಕಿಲುಬು ಹಿಡಿಯುತ್ತದೆ. ಎರಡು ಮೂರು ದಿನಗಳಿಗೊಮ್ಮೆ ಒಂದು ಗಂಟೆ ಆನ್ ಮಾಡಿಟ್ಟರೆ ಅದರದೇ ಬಿಸಿ ತೇವವನ್ನು ಓಡಿಸುತ್ತದೆ. ಉಳಿದ ಹೊತ್ತು ಬಿಗಿಯಾದ ಮುಚ್ಚಳದ ಪ್ಲಾಸ್ಟಿಕ್ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ಮತ್ತು ಜೆಲ್ ಬಣ್ಣ ಬದಲಾಯಿಸಿದಾಗ ಅದನ್ನು ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಿ. ಸಿಡಿಲಿನ ಹೊತ್ತಿನಲ್ಲಿ ಚಾರ್ಜರನ್ನು ಗೋಡೆಯಿಂದ ಕಿತ್ತಿಡುವವರು ಇಂಟರ್ನೆಟ್ ಕೇಬಲನ್ನು ಮರೆಯುತ್ತಾರೆ. ಅದು ತಾಮ್ರದ ತಂತಿಯದಾಗಿದ್ದರೆ ಆ ದಾರಿಯಿಂದಲೂ ಮದರ್‌ಬೋರ್ಡ್ ಸುಟ್ಟುಹೋಗಬಹುದು. ಆಗಾಗ ಕರೆಂಟ್ ಹೋಗುವ ತೋಟದ ಮನೆಯಲ್ಲಿ ಸತ್ತ ಬ್ಯಾಟರಿಯ ಲ್ಯಾಪ್‌ಟಾಪನ್ನು ನೇರ ವಿದ್ಯುತ್ತಿನಿಂದ ನಡೆಸುವುದೂ ಬೇಡ, ಬರೆಯುತ್ತಿರುವ ಕಡತ ಅರ್ಧದಲ್ಲಿ ಕೆಡುತ್ತದೆ. ನಿಮ್ಮ ಬ್ಯಾಟರಿ ಹತ್ತು ನಿಮಿಷವೂ ನಿಲ್ಲದಿದ್ದರೆ ವೇಗಕ್ಕಿಂತ ಮೊದಲು ಅದಕ್ಕೆ ಹಣ ಹಾಕಿ.

ಪ್ರಶ್ನೆ: ಹಾಸನದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಅಣ್ಣ ಬಳಸುತ್ತಿದ್ದ ಎಂಟನೇ ತಲೆಮಾರಿನ ಐ5 ಲ್ಯಾಪ್‌ಟಾಪ್ ನನಗೆ ಬಂದಿದೆ. 4 ಜಿಬಿ ರ‍್ಯಾಮ್ ಬೋರ್ಡಿನಲ್ಲೇ ಬೆಸುಗೆಯಾಗಿದೆ, ಒಂದು ಸ್ಲಾಟ್ ಖಾಲಿ ಇದೆ. 1 ಟಿಬಿ ಹಾರ್ಡ್‌ಡಿಸ್ಕ್ ಇದ್ದು, ಎಂ.2 ಸ್ಲಾಟ್ ಖಾಲಿ ಇದೆ. ಮೊಬೈಲ್ ಆ್ಯಪ್ ಬರೆಯುವ ಆಂಡ್ರಾಯ್ಡ್ ಸ್ಟುಡಿಯೊ ತೆರೆಯಲು ಆಗುತ್ತಿಲ್ಲ. ಯಾವ ಎಸ್‌ಎಸ್‌ಡಿ, ಎಷ್ಟು ರ‍್ಯಾಮ್ ಹಾಕಿಸಲಿ? ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದೇ?

ಉತ್ತರ: ನಿಮ್ಮದು ಖರ್ಚಿಗೆ ತಕ್ಕ ಫಲ ಕೊಡುವ ಯಂತ್ರ, ಪ್ರೊಸೆಸರ್ ವಿಂಡೋಸ್ 11ಕ್ಕೂ ಹೊಂದುತ್ತದೆ. ತೆಳು ಪಟ್ಟಿಯಂತಹ ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟ್ ಖಾಲಿ ಇದೆಯೆಂದ ಮಾತ್ರಕ್ಕೆ ಯಾವ ಎಂ.2 ಎಸ್‌ಎಸ್‌ಡಿಯಾದರೂ ನಡೆಯುತ್ತದೆ ಎಂದುಕೊಳ್ಳಬೇಡಿ. ಆ ಕಾಲದ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಆ ಸ್ಲಾಟ್ ಸಾಟಾ ಬಗೆಯದನ್ನು ಮಾತ್ರ ಗುರುತಿಸುತ್ತದೆ, ಕೆಲವು ಇನ್ನೂ ವೇಗದ ಎನ್‌ವಿಎಂಇ ಬಗೆಯದನ್ನು ಮಾತ್ರ, ಇನ್ನು ಕೆಲವು ಎರಡನ್ನೂ. ಲ್ಯಾಪ್‌ಟಾಪಿನ ಮಾದರಿ ಸಂಖ್ಯೆ ಹಾಕಿ ತಯಾರಕರ ಸರ್ವಿಸ್ ಕೈಪಿಡಿಯಲ್ಲಿ ನೋಡಿದರೆ ಇದು ತಿಳಿಯುತ್ತದೆ. 80 ಮಿಲಿಮೀಟರ್ ಉದ್ದದ್ದು ಹಿಡಿಸುತ್ತದೆಯೇ, 42 ಮಿಲಿಮೀಟರಿನದೇ ಬೇಕೇ ಎಂಬುದೂ ಅಲ್ಲಿಯೇ ಇರುತ್ತದೆ. ಎನ್‌ವಿಎಂಇ ಹೊಂದುವುದಾದರೆ ಅದು ಬಳಸುವ ಪಿಸಿಐಇ ಎಂಬ ಜೋಡಣೆಯ ಮೂರನೇ ಪೀಳಿಗೆಯ ಎಸ್‌ಎಸ್‌ಡಿ ಸಾಕು. ನಾಲ್ಕನೇ ಪೀಳಿಗೆಯದನ್ನು ಹಾಕಿದರೂ ನಡೆಯುತ್ತದೆ, ಆದರೆ ಸ್ಲಾಟಿನ ವೇಗವನ್ನು ಮೀರುವುದಿಲ್ಲ. ಸಾಟಾ ಮಾತ್ರ ಹೊಂದುತ್ತದೆ ಎಂದು ತಿಳಿದರೂ ನಿರಾಶೆ ಬೇಡ. ಸೆಕೆಂಡಿಗೆ 500 ಎಂಬಿ ಮತ್ತು 3,000 ಎಂಬಿಗಳ ನಡುವಿನ ಅಂತರ ದೊಡ್ಡ ಕಡತಗಳ ನಕಲಿನಲ್ಲಿ ಕಾಣುತ್ತದೆಯೇ ಹೊರತು ಪ್ರೋಗ್ರಾಂ ಬರೆಯುವ ಕೆಲಸದಲ್ಲಿ ಅಷ್ಟಾಗಿ ಕಾಣುವುದಿಲ್ಲ. ವಿಂಡೋಸ್ ಎಸ್‌ಎಸ್‌ಡಿಯಲ್ಲಿರಲಿ, ಹಾರ್ಡ್‌ಡಿಸ್ಕ್ ಒಳಗೇ ಇದ್ದು ಸಂಗ್ರಹಕ್ಕೆ ಒದಗಲಿ.

ರ‍್ಯಾಮ್ ಡಿಡಿಆರ್4, 2400 ವೇಗದ್ದು ಬೇಕು. ಅಂಗಡಿಯಲ್ಲಿ ಈಗ 3200 ವೇಗದ್ದೇ ಹೆಚ್ಚಾಗಿ ಸಿಗುತ್ತದೆ, ಅದನ್ನೂ ಹಾಕಬಹುದು, 2400ರಲ್ಲೇ ಓಡುತ್ತದೆ. 8 ಜಿಬಿ ಸೇರಿಸಿದರೆ ಒಟ್ಟು 12 ಜಿಬಿಯಾಗುತ್ತದೆ, ಅದರಲ್ಲಿ ಬೋರ್ಡಿನ 4 ಜಿಬಿ ಮತ್ತು ಹೊಸದರ 4 ಜಿಬಿ ಜೋಡಿಯಾಗಿ ಎರಡು ಚಾನೆಲ್‌ಗಳಲ್ಲಿ ಕೆಲಸ ಮಾಡುವುದರಿಂದ ಪ್ರೊಸೆಸರಿನೊಳಗಿನ ಗ್ರಾಫಿಕ್ಸ್ ಭಾಗಕ್ಕೂ ಲಾಭವಾಗುತ್ತದೆ. ಆಂಡ್ರಾಯ್ಡ್ ಸ್ಟುಡಿಯೊದೊಂದಿಗೆ ಕಂಪ್ಯೂಟರಿನಲ್ಲೇ ಫೋನನ್ನು ಅನುಕರಿಸುವ ಎಮ್ಯುಲೇಟರ್ ಬಳಸುವವರಿಗೆ 16 ಜಿಬಿ ಇದ್ದರೆ ನೆಮ್ಮದಿ. ಆದರೆ ಎಮ್ಯುಲೇಟರಿನ ಬದಲು ನಿಮ್ಮ ಫೋನನ್ನೇ ಯುಎಸ್‌ಬಿ ಕೇಬಲಿನಿಂದ ಜೋಡಿಸಿ ಪರೀಕ್ಷಿಸಿದರೆ 12 ಜಿಬಿಯಲ್ಲಿ ಎರಡು ಮೂರು ವರ್ಷ ಓದು ಸಾಗುತ್ತದೆ, ಉಳಿದ ಹಣ ದೊಡ್ಡ ಎಸ್‌ಎಸ್‌ಡಿಗೆ ಒದಗುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಕೃತಕ ಬುದ್ಧಿಮತ್ತೆಯ ಡೇಟಾ ಕೇಂದ್ರಗಳ ಬೇಡಿಕೆಯಿಂದ ತೀವ್ರವಾಗಿ ಏರಿತು. ಹೀಗಿರುವಾಗ ಬಳಸಿದ ರ‍್ಯಾಮ್ ಕೊಳ್ಳಲು ಹಿಂಜರಿಯಬೇಕಿಲ್ಲ. ರ‍್ಯಾಮ್ ಬಳಕೆಯಿಂದ ಸವೆಯುವ ವಸ್ತುವಲ್ಲ. ಮೆಮ್‌ಟೆಸ್ಟ್86 ಎಂಬ ಉಚಿತ ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ಒಂದೂ ದೋಷ ಬಾರದಿದ್ದರೆ ನಿಶ್ಚಿಂತೆಯಿಂದ ಇಟ್ಟುಕೊಳ್ಳಿ, ಮತ್ತು ದೋಷ ಬಂದರೆ ಹಿಂತಿರುಗಿಸುವ ಮಾತನ್ನು ಮೊದಲೇ ಆಡಿಕೊಳ್ಳಿ. ಬಳಸಿದ ಎಸ್‌ಎಸ್‌ಡಿಯನ್ನು ಮಾತ್ರ ಕೊಳ್ಳಬೇಡಿ.

ಗ್ರಾಫಿಕ್ಸ್ ಕಾರ್ಡನ್ನು ಈ ಲ್ಯಾಪ್‌ಟಾಪಿನ ಒಳಗೆ ಸೇರಿಸಲು ಬರುವುದಿಲ್ಲ.

ಪ್ರಶ್ನೆ: ಕಡೂರಿನಿಂದ ಬರೆಯುತ್ತಿದ್ದೇನೆ. ಚಾರ್ಜರ್ ಹಾಳಾಗಿ ಹೊಸದು ತಂದ ದಿನದಿಂದ ಲ್ಯಾಪ್‌ಟಾಪ್ ಬಹಳ ನಿಧಾನವಾಗಿದೆ, ಬ್ಯಾಟರಿಯೂ ಚಾರ್ಜ್ ಆಗುತ್ತಿಲ್ಲ. ಚಾರ್ಜರ್ ಕಿತ್ತರೆ ಸ್ವಲ್ಪ ಹೊತ್ತು ಸರಿಯಾಗಿ ನಡೆಯುತ್ತದೆ. ರ‍್ಯಾಮ್ ಹೆಚ್ಚಿಸಬೇಕೆ?

ಉತ್ತರ: ರ‍್ಯಾಮಿಗೆ ಹಣ ಹಾಕಬೇಡಿ, ಚಾರ್ಜರನ್ನು ಬದಲಿಸಿ. ಕೆಲವು ತಯಾರಕರ ಚಾರ್ಜರಿನ ಪಿನ್ನಿನಲ್ಲಿ ವಿದ್ಯುತ್ತಿನ ಜೊತೆಗೆ ಗುರುತಿನ ಸಂಕೇತವೂ ಹೋಗುತ್ತದೆ. ಚಾರ್ಜರ್ ಎಷ್ಟು ವಾಟಿನದೆಂದು ಆ ಸಂಕೇತದಿಂದ ತಿಳಿಯದಿದ್ದರೆ ಲ್ಯಾಪ್‌ಟಾಪ್ ಬ್ಯಾಟರಿ ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಪ್ರೊಸೆಸರನ್ನು ಅತಿ ಕಡಿಮೆ ವೇಗಕ್ಕೆ ಇಳಿಸುತ್ತದೆ. ಚಾರ್ಜರ್ ಕಿತ್ತಾಗ ಸರಿಯಾಗುವುದು ಇದಕ್ಕೆ ಬಲವಾದ ಸಾಕ್ಷಿ. ಹಳೆಯ ಚಾರ್ಜರಿನ ಮೇಲೆ ಬರೆದಿರುವ ವೋಲ್ಟ್ ಮತ್ತು ವಾಟ್ ನೋಡಿಕೊಂಡು, ಅದೇ ತಯಾರಕರ ಚಾರ್ಜರನ್ನು ತನ್ನಿ. ವೋಲ್ಟ್ ಸಮನಾಗಿರಬೇಕು, ವಾಟ್ ಹೆಚ್ಚಿದ್ದರೆ ತೊಂದರೆಯಿಲ್ಲ, ಕಡಿಮೆ ಇರಬಾರದು. ಅದರಿಂದಲೂ ಸರಿಯಾಗದಿದ್ದರೆ ಚಾರ್ಜರ್ ಚುಚ್ಚುವ ಸಾಕೆಟ್ಟಿನ ಒಳಗಿನ ಸಣ್ಣ ಪಿನ್ ಮುರಿದಿರಬಹುದು, ಅದನ್ನು ಬದಲಿಸುವುದು ಸಣ್ಣ ಕೆಲಸ.

ಪ್ರಶ್ನೆ: ಸಕಲೇಶಪುರದ ಗೃಹಿಣಿ ನಾನು. ಹಳೆಯ ಲ್ಯಾಪ್‌ಟಾಪಿಗೆ ಎಸ್‌ಎಸ್‌ಡಿ ಹಾಕಿಸಬೇಕೆಂದಿದ್ದೇನೆ. ಟಚ್‌ಪ್ಯಾಡ್ ಮಾತ್ರ ಇತ್ತೀಚೆಗೆ ಮೇಲೆದ್ದು ಒತ್ತಲು ಬಾರದಂತಾಗಿದೆ. ಅದನ್ನೂ ಜೊತೆಗೇ ಸರಿಮಾಡಿಸಬಹುದೇ?

ಉತ್ತರ: ದಯವಿಟ್ಟು ಈ ಕ್ಷಣದಿಂದ ಅದನ್ನು ಚಾರ್ಜಿಗೆ ಹಾಕಬೇಡಿ. ಟಚ್‌ಪ್ಯಾಡ್ ಮೇಲೇಳುವುದು ಬಹುತೇಕ ಅದರ ಕೆಳಗಿರುವ ಲಿಥಿಯಂ ಬ್ಯಾಟರಿ ಉಬ್ಬಿದಾಗ. ಉಬ್ಬಿದ ಬ್ಯಾಟರಿಯನ್ನು ಒತ್ತಿದರೆ, ಚುಚ್ಚಿದರೆ ಬೆಂಕಿ ಹತ್ತಿಕೊಳ್ಳಬಹುದು. ಲ್ಯಾಪ್‌ಟಾಪನ್ನು ಆಫ್ ಮಾಡಿ, ಹಾಸಿಗೆ, ಬಟ್ಟೆ, ಕಾಗದಗಳಿಂದ ದೂರ ಸಿಮೆಂಟಿನ ನೆಲದ ಮೇಲೆ ಇಟ್ಟು, ಬ್ಯಾಟರಿಯನ್ನು ತಂತ್ರಜ್ಞರಿಂದಲೇ ತೆಗೆಸಿ. ತೆಗೆದದ್ದನ್ನು ಕಸದ ಬುಟ್ಟಿಗೆ ಹಾಕಬಾರದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಳಸಿದ ಬ್ಯಾಟರಿಗಳ ಸಂಗ್ರಹ ಮತ್ತು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ, ಹೊಸ ಬ್ಯಾಟರಿ ಕೊಳ್ಳುವ ಕಡೆಯೇ ಹಳೆಯದನ್ನು ಒಪ್ಪಿಸಲು ಕೇಳಿ. ಎಸ್‌ಎಸ್‌ಡಿಯ ಕೆಲಸ ಇದಾದ ಮೇಲೆ. ಟಚ್‌ಪ್ಯಾಡ್ ಕೆಟ್ಟಿರಲಾರದು, ಒತ್ತಡ ಹೋದ ಮೇಲೆ ತನ್ನ ಜಾಗಕ್ಕೆ ಬರುತ್ತದೆ.

ಪ್ರಶ್ನೆ: ಅರಸೀಕೆರೆಯ ನಿವೃತ್ತ ನೌಕರ. 2009ರ ಕೋರ್ 2 ಡ್ಯುಯೊ ಲ್ಯಾಪ್‌ಟಾಪ್ ಇದೆ, 2 ಜಿಬಿ ರ‍್ಯಾಮ್, ವಿಂಡೋಸ್ 7. ಮೊಮ್ಮಗಳ ಓದಿಗೆ ಸರಿಮಾಡಿಸಿ ಕೊಡಬೇಕೆಂಬ ಆಸೆ. ಎಸ್‌ಎಸ್‌ಡಿ ಹಾಕಿಸಿದರೆ ಆಗುತ್ತದೆಯೇ?

ಉತ್ತರ: ನಿಮ್ಮ ಆಸೆಯನ್ನು ಗೌರವಿಸುತ್ತಲೇ ಬೇಡವೆಂದು ಹೇಳಬೇಕಾಗಿದೆ. ಎಸ್‌ಎಸ್‌ಡಿ ಹಾಕಿದರೆ ಆನ್ ಆಗುವುದು ಬೇಗವಾಗುತ್ತದೆ ನಿಜ. ಆದರೆ ವಿಂಡೋಸ್ 7ಕ್ಕೆ ಬೆಂಬಲ 2020ರ ಜನವರಿಯಲ್ಲೇ ನಿಂತಿತು, 2023ರಿಂದ ಹೊಸ ಕ್ರೋಮ್ ಬ್ರೌಸರ್ ಅದರಲ್ಲಿ ನಡೆಯುವುದಿಲ್ಲ, ಇಂದಿನ ತರಗತಿಯ ವಿಡಿಯೊಗಳಿಗೆ ಆ ಪ್ರೊಸೆಸರ್ ಮತ್ತು 2 ಜಿಬಿ ರ‍್ಯಾಮ್ ಸಾಲುವುದಿಲ್ಲ. ಅದರಲ್ಲಿರಬಹುದಾದ ಡಿಡಿಆರ್2 ರ‍್ಯಾಮ್ ಈಗ ಹುಡುಕಿದರೂ ಸಿಗುವುದು ಕಷ್ಟ. ಎಸ್‌ಎಸ್‌ಡಿ, ರ‍್ಯಾಮ್, ಬ್ಯಾಟರಿ ಮೂರಕ್ಕೂ ಹಾಕುವ ಹಣಕ್ಕೆ ಇನ್ನೊಂದಿಷ್ಟು ಸೇರಿಸಿದರೆ, ಕಚೇರಿಗಳಿಂದ ಹೊರಬಂದು ದುರಸ್ತಿಯಾಗಿ ಮಾರಾಟಕ್ಕೆ ಬರುವ ಎಂಟನೇ ತಲೆಮಾರಿನ ಲ್ಯಾಪ್‌ಟಾಪ್ ಹುಡುಕಬಹುದು. ಕನಿಷ್ಠ ಆರು ತಿಂಗಳ ವಾರಂಟಿ ಕೊಡುವ ಅಂಗಡಿಯಲ್ಲಿ ನೋಡಿ, ಮತ್ತು ಎಸ್‌ಎಸ್‌ಡಿ, 8 ಜಿಬಿ ರ‍್ಯಾಮ್ ಅದರಲ್ಲಿ ಮೊದಲೇ ಇದೆಯೇ ಎಂದು ಟಾಸ್ಕ್ ಮ್ಯಾನೇಜರ್ ತೆರೆಸಿಯೇ ಒಪ್ಪಿಕೊಳ್ಳಿ. ನಿಮ್ಮ ಹಳೆಯ ಯಂತ್ರದ ಹಾರ್ಡ್‌ಡಿಸ್ಕಿನಲ್ಲಿ ಫೋಟೊಗಳು, ಸೇವಾ ದಾಖಲೆಗಳು ಇರಬಹುದು. ಅದನ್ನು ಹೊರತೆಗೆದು ಯುಎಸ್‌ಬಿ ಕೇಸಿಗೆ ಹಾಕಿಸಿಕೊಂಡು, ಅಷ್ಟನ್ನೂ ಹೊಸ ಲ್ಯಾಪ್‌ಟಾಪಿಗೆ ನಕಲಿಸಿಕೊಂಡ ನಂತರವೇ ಉಳಿದದ್ದನ್ನು ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.